ತೆಗೆ ಅಂದರೆ ತೆಗೆ

ಬಕೆಟ್ ಕಂಪನಿಯ ಕಚೇರಿಯಲ್ಲಿ ಆ ದಿನ ನಡೆದ ರಾದ್ಧಾಂತಕ್ಕೆಲ್ಲ ಕಾರಣ ಎರಡೇ ಅಕ್ಷರದ ಒಂದು ಮಾತು.

ಮ್ಯಾನೇಜರ್ ಕೋಣೆಯ ಬಾಗಿಲು ತೇವಕ್ಕೆ ಉಬ್ಬಿ, ಹಟ ಹಿಡಿದ ಅಳಿಯನ ಹಾಗೆ ಚೌಕಟ್ಟಿಗೆ ಅಂಟಿಕೊಂಡು ಕೂತಿತ್ತು. ಹಿಂದಿನ ಸಂಜೆ ಎಲ್ಲರೂ ಹೆಗಲು ಕೊಟ್ಟು ತಳ್ಳಿದರೂ ಜಗ್ಗಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಗುಮಾಸ್ತನಿಗೆ ಮ್ಯಾನೇಜರ್ ಮನೆಯಿಂದಲೇ ಫೋನ್ ಮಾಡಿದರು.

"ಇವತ್ತು ಡೈರೆಕ್ಟರ್ ಸಾಹೇಬ್ರು ಬರ್ತಿದಾರೆ. ಬಡಗೀನ ಕರೆಸಿ. ನಾನು ಬರೋ ಹೊತ್ತಿಗೆ ನನ್ನ ರೂಮಿನ ಬಾಗಿಲು ತೆಗೆಸಿರಬೇಕು."

"ಹೂಂ ಸಾರ್."

"ಇನ್ನೊಂದು. ನಿಮ್ಮನ್ನ ಕಾಯಂ ಮಾಡೋ ವಿಚಾರ. ಇವತ್ತು ಸಾಹೇಬ್ರ ಮುಂದೆ ನಿಮ್ಮ ಹೆಸರು ತೆಗೀತೀನಿ."

ಈ ಸಲ ಗುಮಾಸ್ತ ಫೋನ್ ಹಿಡಿದೇ ಎದ್ದು ನಿಂತು ಹೂಂ ಅಂದ. ಕೆಲಸಕ್ಕೆ ಸೇರಿದಾಗ ತಲೆ ತುಂಬ ಇದ್ದ ಕೂದಲು ಈಗ ಕಿವಿಗಳ ಮೇಲಷ್ಟೇ ಉಳಿದಿತ್ತು. ಅವನು ಮಾತ್ರ ಇನ್ನೂ ದಿನಗೂಲಿಯೇ. ಅವನ ಬಾಯಿಂದ ಬೇರೆ ಮಾತು ಕೇಳಿದವರಿಲ್ಲದ ಕಾರಣ ಕಚೇರಿಯಲ್ಲಿ ಅವನಿಗೆ 'ಹೂಂಸಾರ್' ಎಂದೇ ಹೆಸರಾಗಿತ್ತು. ಆ ಬೆಳಿಗ್ಗೆ ಹೆಂಡತಿ ಕೂಡ ಹೇಳಿ ಕಳಿಸಿದ್ದಳು: "ಇವತ್ತೊಂದಿನ ನಿಮ್ಮ ಬುದ್ಧೀನ ಮನೇಲೇ ಬಿಟ್ಟು ಹೋಗಿ. ನಾನು ನೋಡ್ಕೋತೀನಿ. ಹೇಳಿದಷ್ಟು ಮಾಡಿ, ಸಾಕು."

ಬಡಗಿ ಬಂದ. ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಬೆರಳಿನಿಂದ ತಟ್ಟಿದ.

"ತೆಗೀಬೇಕು ಅಂದ್ರೆ ಹೆಂಗೆ? ತೆರೀಬೇಕೋ, ಕಿತ್ತು ತೆಗೀಬೇಕೋ?"

ಹೂಂಸಾರ್ ಬಾಗಿಲನ್ನೊಮ್ಮೆ, ಬಡಗಿಯನ್ನೊಮ್ಮೆ ನೋಡಿದ. ಅಷ್ಟು ಸಣ್ಣ ಮಾತಿನೊಳಗೆ ಎರಡು ಕೋಣೆಗಳಿರಬಹುದೆಂದು ಅವನು ಎಂದೂ ಯೋಚಿಸಿರಲಿಲ್ಲ.

"ಫೋನ್ ಮಾಡಿ ಕೇಳಪ್ಪ, ಅದಕ್ಕೇನು," ಎಂದಳು ಟೈಪಿಸ್ಟ್ ಅಕ್ಕ.

"ಒಂದು ಸಲ ಹೇಳಿದ್ದನ್ನ ಎರಡು ಸಲ ಕೇಳಬಾರದು ಅಂತ ಸಾರ್ ಹೇಳಿದಾರೆ ಅಕ್ಕ."

"ಅದನ್ನ ಎಷ್ಟು ಸಲ ಹೇಳಿದಾರೆ?"

"ದಿನಾ ಹೇಳ್ತಾರೆ."

ಅಷ್ಟರಲ್ಲಿ ಉಗ್ರಾಣದಿಂದ ವೇದಾಂತಿ ಎದ್ದುಬಂದ. ಆತ ತತ್ವಶಾಸ್ತ್ರ ಓದಿ, ಬೇರೆಲ್ಲೂ ಕೆಲಸ ಸಿಗದೆ, ಬಕೆಟ್ ಎಣಿಸಲು ಸೇರಿದವನು. ಪ್ರಶ್ನೆ ಕೇಳಿಸಿದರೆ ಸಾಕು, ಹಾಲಿನ ವಾಸನೆ ಬಡಿದ ಬೆಕ್ಕಿನಂತೆ ಹಾಜರಾಗುತ್ತಿದ್ದ.

"ಇದು ನಿಜವಾದ ಧರ್ಮಸಂಕಟ ಮಾರಾಯ," ಎಂದು ಮೇಜಿನ ಅಂಚಿಗೆ ಕೂತ. "ನೀನು ವಿಧೇಯನಾಗಬೇಕಾದ್ದು ಅವರ ಮಾತಿಗೋ, ಮನಸ್ಸಿಗೋ? ಮನಸ್ಸಿಗೆ ವಿಧೇಯನಾದರೆ ನೀನು ಸಜ್ಜನ. ಬರೀ ಮಾತಿಗೆ ಆದರೆ, ಅಷ್ಟು ಗುಣ ಗಾಣದ ಎತ್ತಿಗೂ ಇರುತ್ತೆ."

"ಗಾಣದೆತ್ತು ಕಾಯಂ ಅಲ್ವಾ?" ಎಂದ ಹೂಂಸಾರ್.

ವೇದಾಂತಿ ಮೇಜಿನ ಅಂಚಿನಿಂದ ಇಳಿದ.

"ಬಡಗೀನ ಕರೆಸಿ ಅಂದ್ರು ತಾನೆ?" ಎಂದಳು ಅಕ್ಕ. "ಬರೀ ತೆರೆಯೋಕೆ ಬಡಗಿ ಯಾಕೆ, ತಳ್ಳೋಕೆ ನಾವಿಲ್ವಾ?"

ವಾದ ಅಲ್ಲಿಗೆ ತೀರ್ಮಾನವಾಯಿತು. ಬಡಗಿ ಕೀಲು ಬಿಚ್ಚಿ ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿದ. ಮ್ಯಾನೇಜರ್ ಮೇಜಿನ ಕೆಳಗಿನ ಹವಾಯಿ ಚಪ್ಪಲಿ, ಕುರ್ಚಿಯ ಮೇಲಿನ ತಲೆದಿಂಬು, ಅರ್ಧ ಮುಗಿದ ಬಿಸ್ಕತ್ತಿನ ಪೊಟ್ಟಣ ಎಲ್ಲವೂ ಕಚೇರಿಯ ಕಣ್ಣಿಗೆ ಬಿದ್ದವು. ಎಲ್ಲರೂ ನೋಡಿಯೂ ನೋಡದವರಂತೆ ಎರಡೆರಡು ಸಲ ನೋಡಿದರು.

ಮ್ಯಾನೇಜರ್ ಬಂದು ಹಿಡಿಕೆಗೆ ಕೈ ಚಾಚಿದರು. ಕೈಗೆ ಗಾಳಿ ಸಿಕ್ಕಿತು.

"ಬಾಗಿಲೆಲ್ಲಿ?"

"ತೆಗೆಸಿದೆ ಸಾರ್."

"ತೆಗೆಸಿ ಅಂದ್ರೆ ತೆರೆಸಿ ಅಂತ ಕಣ್ರೀ. ನಿಮಗೆ ಸ್ವಂತ ಬುದ್ಧಿ ಇಲ್ವಾ?"

"ಮನೇಲಿದೆ ಸಾರ್."

ಮ್ಯಾನೇಜರ್ ಮೊದಲು ತಲೆದಿಂಬನ್ನು ಎತ್ತಿ ಕಪಾಟಿಗೆ ತುರುಕಿದರು. ಆಮೇಲೆ ಹಲ್ಲು ಕಚ್ಚಿ ಹೇಳಿದರು, "ಪ್ರಾಣ ತೆಗೀಬೇಡಿ. ಇನ್ನು ಮೇಲೆ ನನ್ನ ಬಾಯಲ್ಲಿ ತೆಗೆ ಅಂದ್ರೆ ತೆರೆ. ಕೀಳೋದಲ್ಲ. ತಲೆಗೆ ಹೋಯ್ತಾ? ಓಡಿ, ಆ ಬಡಗೀನ ಹಿಡ್ಕೊಂಡ್ಬಂದು ಬಾಗಿಲು ಹಾಕಿಸಿ."

ಇಲ್ಲದ ಬಾಗಿಲನ್ನು ಹಾಕುವುದು ಹೇಗೆಂದು ಹೂಂಸಾರ್ ಅರೆಗಳಿಗೆ ಕಣ್ಣು ಬಿಟ್ಟ. ಆಮೇಲೆ, ಕೂರಿಸಬೇಕು ಅಂತ ಇರಬೇಕು ಎಂದುಕೊಂಡು ಓಡಿದ.

ಅವನು ಆ ಕಡೆ ಹೋದ, ಡೈರೆಕ್ಟರ್ ಈ ಕಡೆ ಬಂದರು. ಬೋಳು ಚೌಕಟ್ಟಿನ ಮುಂದೆ ನಿಂತರು. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ, ತಪ್ಪನ್ನು ಯಾರ ಮೇಲೆ ಹಾಕಲೆಂದು ಬಾಯಿ ತೆಗೆಯುವಷ್ಟರಲ್ಲಿ ಡೈರೆಕ್ಟರೇ ಅವರ ಬೆನ್ನು ತಟ್ಟಿದರು.

"ಭೇಷ್. ನಮ್ಮ ಯಾವ ಕಚೇರೀಲೂ ಇಂಥ ಮುಚ್ಚುಮರೆ ಇಲ್ಲದ ಮನುಷ್ಯನ್ನ ನೋಡಿಲ್ಲ. ಯಾರ ಯೋಚನೆ ಇದು?"

"ನಂದೇ ಸಾರ್," ಎಂದರು ಮ್ಯಾನೇಜರ್, ಬೆವರೊರೆಸುವ ಕೈ ಹಾಗೇ ಹಣೆಯ ಮೇಲಿರುವಂತೆಯೇ. "ನೀತಿ ಇರೋನಿಗೆ ಬಾಗಿಲ್ಯಾಕೆ ಅಂತ."

"ಹಾಗಾದ್ರೆ ಊಟ ಮುಗಿಸಿ ಬರೋಷ್ಟರಲ್ಲಿ ಈ ಕಚೇರಿಯ ಬಾಗಿಲೆಲ್ಲ ಹೀಗೇ ಆಗಿರಲಿ."

ಹೂಂಸಾರ್ ಬಡಗಿಯೊಂದಿಗೆ ಮೆಟ್ಟಿಲು ಹತ್ತುವಾಗ ಇಬ್ಬರೂ ಇಳಿಯುತ್ತಿದ್ದರು. ಮ್ಯಾನೇಜರ್ ಅವನ ಕಿವಿಯ ಬಳಿ ಬಗ್ಗಿ, "ಎಲ್ಲಾ ಬಾಗಿಲೂ ತೆಗೆಸಿಬಿಡಿ, ಬೇಗ," ಎಂದು ಪಿಸುಗುಟ್ಟಿ ಸಾಹೇಬರ ಹಿಂದೆ ಓಡಿದರು.

"ಹೂಂ ಸಾರ್."

ಅಕ್ಕ ಅವನ ತೋಳು ಹಿಡಿದಳು. "ಅಯ್ಯೋ, ನೀನಿಲ್ಲದಾಗ ಇಲ್ಲೇನು ನಡೀತು ಗೊತ್ತಾ?"

"ಗೊತ್ತಾಗೋದೇ ಬೇಡ ಅಕ್ಕ. ಬೆಳಿಗ್ಗೆ ನಿಮ್ಮ ಮಾತು ಕೇಳಿದ್ದಕ್ಕೇ ಇಷ್ಟಾಯ್ತು. ಈಗ ನನಗೆ ಅರ್ಥ ಸಮೇತ ಹೇಳಿದಾರೆ."

ವೇದಾಂತಿಯೂ ಬಾಯಿ ಹಾಕಲು ನೋಡಿದ. ಹೂಂಸಾರ್ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಜೀವನದಲ್ಲಿ ಮೊದಲ ಸಲ ಅವನಿಗೆ ಒಂದು ಆಜ್ಞೆ ಬೆಳ್ಳಗೆ, ಸಂಶಯವಿಲ್ಲದೆ ಕಾಣುತ್ತಿತ್ತು. ಅದರಲ್ಲೊಂದು ವಿಚಿತ್ರ ನೆಮ್ಮದಿ ಇತ್ತು. ಒಳ್ಳೆಯವರಿಗೆ ನಿದ್ದೆ ಚೆನ್ನಾಗಿ ಬರುವುದು ಇದಕ್ಕೇ ಇರಬೇಕು ಎಂದುಕೊಂಡ.

ಬಡಗಿ ಮ್ಯಾನೇಜರ್ ಬಾಗಿಲಿನ ಅಂಚು ಹೆರೆದು, ಕೀಲಿಗೆ ಎಣ್ಣೆ ಬಿಟ್ಟು, ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡುವ ಹಾಗೆ ಕೂರಿಸಿಕೊಟ್ಟ. ಹೂಂಸಾರ್ ಆ ಬಾಗಿಲನ್ನೂ ಸೇರಿಸಿ ಕಚೇರಿಯ ಬಾಗಿಲನ್ನೆಲ್ಲ, ಶೌಚಾಲಯದ್ದನ್ನೂ ಬಿಡದೆ, ಹಾರು ಹೊಡೆದು ಒಂದೊಂದಕ್ಕೂ ಒಂದೊಂದು ಬಕೆಟ್ ಆನಿಸಿ ನಿಲ್ಲಿಸಿದ.

ಡೈರೆಕ್ಟರ್ ಹಲ್ಲುಕಡ್ಡಿ ಆಡಿಸುತ್ತ ಬಂದವರು ಮ್ಯಾನೇಜರ್ ಕೋಣೆಯ ಬಾಗಿಲಲ್ಲೇ ನಿಂತರು.

"ಏನ್ರೀ ಇದು? ಇದ್ದ ಒಂದು ಒಳ್ಳೇ ಕೆಲಸಾನೂ ಹಾಳು ಮಾಡಿ, ಬಾಗಿಲು ತಂದು ಹಾಕಿದೀರಾ?"

"ನೋಡಿ ಸಾರ್, ಎಷ್ಟು ಸಲೀಸು," ಎಂದು ಹೂಂಸಾರ್ ಹೆಮ್ಮೆಯಿಂದ ಬಾಗಿಲನ್ನು ಹಾಕಿ ತೋರಿಸಿದ. ಅದು ಡೈರೆಕ್ಟರ್ ಮೂಗಿನ ಮುಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.

ಮುಚ್ಚಿದ ಬಾಗಿಲಿನಾಚೆಯಿಂದ ಮ್ಯಾನೇಜರ್ ದನಿ ಕೇಳಿಸಿತು. "ಕಿತ್ತು ತೆಗೆಸಿ ಅಂತ ಬಡ್ಕೊಂಡೆ ಸಾರ್. ಈ ಮನುಷ್ಯನಿಗೆ ಹೇಳಿದ ಮಾತು ಕೇಳೋ ಅಭ್ಯಾಸಾನೇ ಇಲ್ಲ."

ಹೂಂಸಾರ್ ಬಾಗಿಲನ್ನು ಮತ್ತೆ ತೆರೆದು ಬಕೆಟ್ ಆನಿಸಿದ.

ಸಂಜೆ ಮ್ಯಾನೇಜರ್ ಅವನನ್ನು ಕರೆದರು. ತಲೆ ಎತ್ತಲಿಲ್ಲ.

"ನಿಮ್ಮ ಹೆಸರು ತೆಗೆದೆ," ಎಂದರು.

ಹೂಂಸಾರ್ ನಿಂತೇ ಇದ್ದ. ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಮುಂದಕ್ಕೆ ದಾರಿಯಿಲ್ಲದೆ ಹಿಂದಕ್ಕೆ ಹೋಯಿತು. "ಹೂಂ ಸಾರ್," ಎಂದು ಹೊರಬಂದ.

"ಹೆಸರು ತೆಗೆದ್ರಾ? ಒಳ್ಳೇದಾಯ್ತು, ಸಿಹಿ ತಾ," ಎಂದಳು ಅಕ್ಕ. "ಹೆಸರು ತೆಗೆದ್ರಾ? ಹೋಗ್ಲಿ ಬಿಡು, ಇದ್ದದ್ದೇ," ಎಂದ ವೇದಾಂತಿ. ಇಬ್ಬರೂ ಒಟ್ಟಿಗೆ ಹೇಳಿದರು.

ಮನೆಯಲ್ಲಿ ಹೆಂಡತಿ ಕೇಳಿದಳು, "ಎತ್ತಿ ತೆಗೆದ್ರೋ, ಕಿತ್ತು ತೆಗೆದ್ರೋ?"

"ಎರಡು ಸಲ ಕೇಳೋ ಹಾಗಿಲ್ವಲ್ಲೇ."

ಅಷ್ಟರಲ್ಲಿ ಫೋನ್ ಬಂತು. ಮ್ಯಾನೇಜರ್. "ಕಾಯಂ ಆಗೋ ಆಸೆ ಬಿಡಿ, ದಿನಗೂಲಿಗೇ ಬನ್ನಿ. ನಾಳೆ ಸಾಹೇಬ್ರು ಇನ್ನೊಂದ್ಸಲ ಬರ್ತಾರೆ. ಬೇಗ ಬಂದು ಮೊದಲು ಬಾಗಿಲು ತೆಗೀರಿ."

"ಹೂಂ ಸಾರ್."

ಅವನು ಫೋನ್ ಇಟ್ಟ. ಆಮೇಲೆ ನಾಳೆ ಹಾಕಿಕೊಳ್ಳುವ ಅಂಗಿಯ ಒಂದು ಜೇಬಿಗೆ ಕಚೇರಿಯ ಬೀಗದ ಕೈ ಇಟ್ಟ. ಇನ್ನೊಂದು ಜೇಬಿಗೆ ಸ್ಕ್ರೂಡ್ರೈವರ್ ಇಟ್ಟ.