ಮೇಷ್ಟ್ರ ಮುಖಪಾಠ

ನಮ್ಮ ಯಜಮಾನರು ರಾಮಾಂಜಿನಪ್ಪ ಮೇಷ್ಟ್ರು ಬಾಯಿ ಬಿಡುವುದು ಶಾಲೆಯಲ್ಲಿ ಮಾತ್ರ. ಮನೆಯಲ್ಲಿ ಅವರ ಮುಖ ಓದಿಯೇ ನಾನು ಸಂಸಾರ ನಡೆಸಬೇಕು. ಎಡಹುಬ್ಬು ಏರಿದರೆ ಸಾರಿಗೆ ಉಪ್ಪು ಕಡಿಮೆ. ಎರಡೂ ಏರಿದರೆ ನನ್ನ ತವರಿನವರು ಬಂದಿದ್ದಾರೆ. ಇಪ್ಪತ್ತೆಂಟು ವರ್ಷದ ಈ ವಿದ್ವತ್ತಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲ.

ಒಂದು ಮುಖ ಮಾತ್ರ ಮತ್ತೆ ಕಂಡಿರಲಿಲ್ಲ. ನನ್ನ ತವರು ದಿಬ್ಬೂರಹಳ್ಳಿಗೆ ಹೆಣ್ಣು ನೋಡಲು ಬಂದ ದಿನ, ಕೈಯಲ್ಲಿದ್ದ ಕಾಫಿ ಆರಿಹೋದರೂ ಎವೆಯಿಕ್ಕದೆ ನನ್ನನ್ನೇ ನೋಡುತ್ತಿದ್ದರಲ್ಲ, ಆ ಮುಖ. ಅದಕ್ಕಾಗಿ ಎಷ್ಟು ಹಂಬಲಿಸಿದ್ದೇನೋ ನನಗೇ ಗೊತ್ತು. (ಹೊಸ ಸೀರೆ ಉಟ್ಟಾಗಲೆಲ್ಲ ಅವರೆದುರು ಎರಡು ಸಲ ಹೆಚ್ಚಾಗಿಯೇ ಓಡಾಡಿದ್ದೇನೆ. ಅವರ ಪೇಪರು ಅಲುಗಲಿಲ್ಲ.)

ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ವಯಸ್ಸಾದ ಮೇಷ್ಟ್ರುಗಳಿಗೆಲ್ಲ ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ತರಬೇತಿ ಎಂದು ಆರ್ಡರು ಬಂತು. ಮೊದಲ ಎರಡು ದಿನ ಹರಳೆಣ್ಣೆ ಕುಡಿದ ಮುಖದಲ್ಲಿ ಬಂದರು. ಮೂರನೆಯ ದಿನ ಬಂದದ್ದು ದಿಬ್ಬೂರಹಳ್ಳಿಯ ಮುಖ! ತುಟಿಯಂಚಿನಲ್ಲಿ ನಗು, ಕಣ್ಣಲ್ಲಿ ಹೊಳಪು. ಆದರೆ ನೋಟ ಗೋಡೆಯ ಕಡೆ.

"ಕಲ್ಸೋರು ಯಾರು? ಹೆಂಗ್ಸಾ?" ಎಂದೆ.

"ಹೂಂ" ಎಂದರು. (ಅವರು ಎಲ್ಲದಕ್ಕೂ ಹೂಂ ಎನ್ನುವವರೆಂಬುದು ಆಗ ನೆನಪಾಗಲಿಲ್ಲ.)

ಮರುದಿನ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಮ್ಮೂರು ಶಿಡ್ಲಘಟ್ಟದಿಂದ ಬಸ್ಸು ಹತ್ತಿ ಹೋದೆ. ತರಬೇತಿ ಕೋಣೆಯ ಹೊರಗೆ ದೇವಸ್ಥಾನದಂತೆ ಚಪ್ಪಲಿಗಳ ಸಾಲು. ಒಳಗೆ ಕಲಿಸುತ್ತಿದ್ದವನು ಚನ್ನಕೇಶವ ಎಂಬ ದಪ್ಪ ಮೀಸೆಯವನು. ಅರ್ಧ ನೆಮ್ಮದಿಯಾಯಿತು. ಯಜಮಾನರು ಮಾತ್ರ ಕಂಪ್ಯೂಟರಿನ ಪರದೆಗೇ ಕಣ್ಣು ನೆಟ್ಟು ಕೂತಿದ್ದರು.

"ನಮ್ಮ ಯಜಮಾನ್ರು ಹಂಗೆ ಏನ್ ನೋಡ್ತಾವ್ರಪ್ಪ?" ಎಂದು ಅವನನ್ನು ಕೇಳಿದೆ.

"ಹೆಸ್ರು ಬರೀತಾವ್ರಮ್ಮ. ಬೆಳಗ್ಗಿಂದ ಒಂದೇ ಹೆಸ್ರು. ಚೆಂದಾಗ್ ಬರ್ಲಿ ಅಂತ ತಿದ್ದೀ ತಿದ್ದೀ ಇಡ್ತಾವ್ರೆ."

ನನ್ನ ಹೆಸರೇ ಇರಬೇಕು! ಸೆರಗು ಸರಿಮಾಡಿಕೊಂಡು ಇಣುಕಿದೆ. ಪರದೆಯ ತುಂಬ, ಮದುವೆ ಕಾಗದದಂಥ ಅಲಂಕಾರದ ಅಕ್ಷರಗಳಲ್ಲಿ: ರಾಮಾಂಜಿನಪ್ಪ, ಬಿ.ಎ., ಬಿ.ಎಡ್.

"ನೋಡೇ ರಾಮಲಕ್ಷ್ಮಿ, ಅಳ್ಸಿದ್ರೆ ಸೀಮೆಸುಣ್ಣದ ಪುಡೀನೇ ಬೀಳಲ್ಲ!" ಎಂದರು, ಪರದೆಯಿಂದ ಕಣ್ಣು ತೆಗೆಯದೆ. ನನಗೆ ಅಳು ಬರುವಂತಾಯಿತು. ನನ್ನ ಮುಖ ಓದಲು ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

"ಊಟಕ್ಕೆ ಏಳಿ" ಎಂದೆ.

ಅವರು ಕೈ ತೊಳೆಯಲು ಎದ್ದರು. ಎದ್ದು ಹೋಗುವಾಗ ಸ್ವಿಚ್ ಆರಿಸಬೇಕು ಎಂಬುದು ನಮ್ಮ ಮನೆಯಲ್ಲಿ ಅವರೇ ಮಾಡಿದ ಕಾನೂನು. ಮರೆತರೆ ಉರಿಯುವ ಬಲ್ಬಿನ ಕೆಳಗೇ ನಿಲ್ಲಿಸಿ ಪಾಠ ಮಾಡುತ್ತಾರೆ. ನಾನು ಕರ್ತವ್ಯಪರಾಯಣಳಾಗಿ ಗೋಡೆಯಲ್ಲಿದ್ದ ಕಂಪ್ಯೂಟರಿನ ಸ್ವಿಚ್ ಆರಿಸಿದೆ.

"ಅಯ್ಯೋ ಅಮ್ಮಾ! ಸೇವ್ ಮಾಡಿರ್ಲಿಲ್ಲ, ಬೆಳಗ್ಗಿಂದ ಮಾಡಿದ್ದೆಲ್ಲ ಹೋಯ್ತು!" ಎಂದು ಚನ್ನಕೇಶವ ತಲೆಯ ಮೇಲೆ ಕೈ ಇಟ್ಟುಕೊಂಡ.

ಯಜಮಾನರು ತಿರುಗಿ ನಿಂತರು. ಇಪ್ಪತ್ತೆಂಟು ವರ್ಷದ ಮೇಲೆ, ಡಬ್ಬಿಯ ಸಾರು ಆರಿಹೋಗುವವರೆಗೂ, ಎವೆಯಿಕ್ಕದೆ ನನ್ನನ್ನೇ ನೋಡಿದರು.