ಬೀರೇಶ ಅಳಿಸಿದ ಗುರುತು

ಭಾಷಣ ಮಾಡಲೆಂದು ಖಾನಾಪುರದ ತನ್ನ ಹಳೆಯ ಸಾಲೆಗೆ ಬಂದ ಬೀರೇಶನ ಕಣ್ಣು ಮೊದಲು ಬಿದ್ದದ್ದು ಅಂಗಳದಲ್ಲಿ ಒಟ್ಟಿದ್ದ ಮುರುಕು ಬೆಂಚುಗಳ ಮೇಲೆ. ಬಾಜೂಕ್ಕೆ ಗುಜರಿಯವನ ಟೆಂಪೊ ನಿಂತಿತ್ತು. ರಾಶಿಯಲ್ಲಿ ಒಂದು ಬೆಂಚು ಅವನದೇ, ಅವನದೂ ಉಜೈರನದೂ. ಇಬ್ಬರೂ ಮೂರು ವರ್ಷ ಅದರ ಮೇಲೆ ಕೂತು, ಒಂದೇ ಡಬ್ಬಿಯ ರೊಟ್ಟಿ ತಿಂದು, ಕೈವಾರದ ಮೊನೆಯಿಂದ ಹೆಸರು ಕೆತ್ತಿ, ಸಿದ್ದಕ್ಕ ಟೀಚರ್ ಕೈಯಲ್ಲಿ ಛಡಿ ಏಟು ತಿಂದಿದ್ದರು. ಉಜೈರನನ್ನು ಕೊರೊನಾದ ಎರಡನೇ ಅಲೆ ಒಯ್ದಿತ್ತು. ಆ ಬೆಂಚಿನ ಮೇಲೆ, ಇನ್ನೂ ಒಂದೆರಡರ ಮೇಲೆ, ಕೆಂಪು ಸೀಮೆಸುಣ್ಣದ ಗೀಟು ಎಳೆದಿತ್ತು.

ಬೆಳಗಾವಿಯ ಲ್ಯಾಬಿನಲ್ಲಿ ಎಂಟು ವರ್ಷದಿಂದ, ಎಸೆಯಬೇಕಾದ ನಳಿಗೆಗಳಿಗೆಲ್ಲ ಕೆಂಪು ಗೀಟು ಹಾಕುತ್ತ ಬಂದವನು, ಇದೂ ಗುಜರಿಗೆ ಹೋಗುವ ಗುರುತೇ ಎಂದುಕೊಂಡ. ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾಸ್ತರರು ಆಗಲೇ ಶಾಲು ಹೊದಿಸಿ, 'ನಮ್ಮ ಸೈಂಟಿಸ್ಟ್' ಎಂದು ಕೂರಿಸಿಬಿಟ್ಟಿದ್ದರು. ಶಾಲು ಹೊದ್ದವನು ಮುರುಕು ಬೆಂಚು ಬೇಡುವುದು ಹೇಗೆ?

ಭಾಷಣ ಮಾತ್ರ ಚೆನ್ನಾಗಿ ಆಯಿತು. ನಮ್ಮ ಜೀವಕೋಶದ ಕೆಲವು ಕಿಣ್ವಗಳು ಪ್ರೋಟೀನುಗಳಿಗೆ ಗುರುತು ಅಂಟಿಸುತ್ತವೆ. ಒಂದು ಗುರುತು 'ಇದನ್ನು ಎಸೆ' ಎಂದರೆ ಇನ್ನೊಂದು 'ಕಾವಲಿನವರನ್ನು ಎಬ್ಬಿಸು' ಎನ್ನುತ್ತದೆ. ಕೊರೊನಾ ವೈರಸ್ಸು ಬರುವಾಗಲೇ ಅಳಿಸುವ ಕೈಯನ್ನೂ ತಂದು ಆ ಕಾವಲಿನ ಗುರುತನ್ನು ಒರೆಸಿಬಿಡುತ್ತದೆ. ಆ ಕೈ ಕಟ್ಟಿಹಾಕುವ ಔಷಧಿ ಹುಡುಕುತ್ತಿದ್ದೇವೆ ಎಂದ. ಅದು ಆಗಲೇ ಸಿಕ್ಕಿದ್ದರೆ ಉಜೈರ ಇವತ್ತು ಹಿಂದೆ ಕೂತು ಚೇಷ್ಟೆ ಮಾಡುತ್ತಿದ್ದ ಎನಿಸಿತು ಅವನಿಗೆ.

ಊಟಕ್ಕೆ ಕರೆದಾಗ ಕೈ ತೊಳೆಯುವ ನೆಪದಲ್ಲಿ ಅಂಗಳಕ್ಕೆ ಜಾರಿ, ಒದ್ದೆ ಕೈಯಿಂದಲೇ ತನ್ನ ಬೆಂಚಿನ ಗೀಟನ್ನು ತಿಕ್ಕಿ ಒರೆಸಿದ. ಬೆಂಚು ಉಳಿಯಿತು, ಸಂಜೆ ನಿಧಾನಕ್ಕೆ ಕೇಳಿದರಾಯಿತು ಎಂದುಕೊಂಡು ಎರಡು ಹೋಳಿಗೆ ಹೆಚ್ಚೇ ತಿಂದ.

ಟೆಂಪೊ ಹೋಗಿ ಎರಡು ತಾಸಾದ ಮೇಲೆ, ಈಗ ಮುಖ್ಯೋಪಾಧ್ಯಾಯಿನಿಯಾಗಿರುವ ಸಿದ್ದಕ್ಕ ಟೀಚರ್ ಮುಖ ಬಾಡಿಸಿಕೊಂಡು ಬಂದರು.

"ಬೀರ್ಯಾ, ನಿನ್ನ ಬೆಂಚು ಹೋತಲ್ಲೋ. ಗೀಟು ಇದ್ದದ್ದು ಬಿಟ್ಟು ಉಳದದ್ದು ಒಯ್ಯಿ ಅಂತ ಗುಜರಿಯಂವಗ ಹೇಳಿದ್ದೆ. ನಿನಗ ಕೊಡೂಣು ಅಂತ ನಾನ ಅದಕ್ಕ ಗೀಟು ಎಳದಿದ್ದೆ. ಯಾಂವನೋ ಅಳಸ್ಯಾನ."

ಟೀಚರ್ ಫೋನು ಹಚ್ಚಿ ಕೇಳಿದ್ದಕ್ಕೆ, ದೇಸೂರಿನ ತನ್ನ ಅಂಗಡಿಯಲ್ಲಿ ಎಲ್ಲವನ್ನೂ ಒಡೆದು ಕಟ್ಟಿಗೆ ಮಾಡಿ ಆಯಿತು ಎಂದನಂತೆ ಗುಜರಿಯವನು. ಬೀರೇಶನಿಗೆ ಅಲ್ಲೇ ಕೂತು ಅಳಬೇಕೆನಿಸಿತು.

"ಹಂಗ ಬಿಡಾಂಗಿಲ್ಲ ನಾ. ನಡಿ, ಒಂದೊಂದು ವರ್ಗಕ್ಕ ಹೋಗಿ ಎಲ್ಲಾರ ಕೈ ನೋಡೂಣು," ಎಂದು ಟೀಚರ್ ಅವನನ್ನೂ ಐದನೇ ಇಯತ್ತೆಗೆ ಎಳೆದುಕೊಂಡು ಹೋದರು.

ಮೊದಲ ಸಾಲಿನ ಪುಟ್ಟ ಹುಡುಗಿ ಏಟು ಬೀಳುತ್ತದೆಂದು ಹೆದರಿ ಎರಡೂ ಕೈ ಚಾಚಿದಳು. ಬೀರೇಶ ತಡೆಯಲಾರದೆ ಅವಳ ಪಕ್ಕದಲ್ಲಿ ನಿಂತು ತನ್ನದನ್ನೂ ಚಾಚಿದ. ಉಗುರಿನ ಸಂದಿಯೆಲ್ಲ ಕೆಂಪಾಗಿತ್ತು.