ಗೂಡು ಸೇರಿದ ಹಿರಿಯರು

ಪಿತೃಗಳಿಗೆ ವರ್ಷಕ್ಕೊಮ್ಮೆ ಪಿಂಡ ಇಡುವವರನ್ನು ನೀವು ನೋಡಿರುತ್ತೀರಿ. ವಾರಕ್ಕೊಬ್ಬರಂತೆ ಪಿತೃಗಳನ್ನೇ ಗೂಡಿಗಿಟ್ಟು ಸುಟ್ಟವರನ್ನು ನೋಡಿದ್ದೀರಾ? ನಮ್ಮ ದೊಡ್ಡಪ್ಪ ಆ ಪೈಕಿ. ಗಾಬರಿಯಾಗಬೇಡಿ, ಸುಟ್ಟದ್ದು ಅವರ ಫೋಟೋಗಳ ಗಾಜನ್ನು ಮಾತ್ರ!

ನಯಾಪೈಸೆ ಬಂದ ಹೊಸತು. ಯಲಹಂಕದ ಅವರ ಮನೆಯ ಹಿತ್ತಿಲಿಗೆ ಸಂಜೆಯಾದರೆ ಕೆರೆ ಕಡೆಯ ಗಾಳಿ. ದೊಡ್ಡಮ್ಮ ತುಳಸಿಕಟ್ಟೆಗೆ ದೀಪ ಹಚ್ಚುವರು, ಗಾಳಿ ಆರಿಸುವುದು. ಕೊನೆಗೆ ಗೆಣ್ಣು ಊದಿದ ಎರಡೂ ಕೈಗಳನ್ನು ದೀಪಕ್ಕೆ ಮರೆಹಿಡಿದು, ಸ್ತೋತ್ರ ಮುಗಿಯುವ ತನಕ ನಿಂತೇ ಇರುವರು. ನೋಡಲಾರದೆ ದೊಡ್ಡಪ್ಪ, ದೀಪ ಇಡಲು ಆಳವಾದ ಗಾಜಿನ ಪಾತ್ರೆಯೊಂದನ್ನು ಮಾಡಿಕೊಡುವುದಾಗಿ ಘೋಷಿಸಿದರು. ಪೇಟೆಯಲ್ಲಿ ಕೊಂಡರಾಗದೆ ಎಂದೆ. ಮೂವತ್ತು ವರ್ಷ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಆ ಮನುಷ್ಯ, ಮೂರು ಸಲ ಫೇಲಾದವನನ್ನು ನೋಡುವಂತೆ ನನ್ನನ್ನು ನೋಡಿದರು.

ಹಿತ್ತಿಲಲ್ಲಿ ಇಟ್ಟಿಗೆಯ ಗೂಡು ಎದ್ದಿತು. ಮೊದಲ ವಿಧಾನ: ಮಡಕೆಯ ಬಾಯಿಗೆ ಗಾಜು ಮುಚ್ಚಿ ಕಾಯಿಸುವುದು; ಮೆತ್ತಗಾದ ಗಾಜು ಒಳಗಿಳಿದು ಮಡಕೆಯ ಆಕಾರ ತಾಳಬೇಕು. ಮೊದಲ ಆಹುತಿ ಮುತ್ತಜ್ಜ. ತಟ್ಟೆಯ ಆಳಕ್ಕೆ ಸಲೀಸಾಗಿ ಇಳಿದ ಮುತ್ತಜ್ಜ, ಇನ್ನಷ್ಟು ಇಳಿಸಹೋದರೆ ಹಿಂಡಿಟ್ಟ ಪಂಚೆಯಂತೆ ಮುದುಡಿಬಿಟ್ಟರು. "ಬದುಕಿದ್ದಾಗ್ಲೂ ಅಷ್ಟೇ, ಹೇಳಿದ ಹಾಗೆ ಕೇಳ್ತಿರ್ಲಿಲ್ಲ" ಎಂದು ದೊಡ್ಡಪ್ಪ ಷರಾ ಹಾಕಿದರು.

ಎರಡನೆಯ ವಿಧಾನ: ನಡುವೆ ದೊಡ್ಡ ತೂತಿರುವ ಮಣ್ಣಿನ ಬಿಲ್ಲೆಯನ್ನು ಎತ್ತರದಲ್ಲಿಟ್ಟು, ಅದರ ಮೇಲೆ ಗಾಜು. ಕಾದ ಗಾಜು ತನ್ನ ಭಾರಕ್ಕೇ ತೂತಿನೊಳಗಿಂದ ಹಸುವಿನ ಕೆಚ್ಚಲಿನಂತೆ ಜೋಲುತ್ತದೆ. ಅಜ್ಜ ಜೋತರು, ತೆಳುವಾದರು, ತಳ ಹರಿದುಕೊಂಡರು. ಅಜ್ಜಿ ಅರ್ಧ ದಾರಿಗೆ ಚೆನ್ನಾಗಿಯೇ ಇಳಿದಿದ್ದರು. ಆದರೆ ಗೂಡು ತಣಿಯುವಷ್ಟು ತಾಳ್ಮೆ ದೊಡ್ಡಪ್ಪನಿಗೆಲ್ಲಿ? ಬಿಸಿಯಲ್ಲೇ ಬಾಗಿಲು ತೆಗೆದರು. ಟಣ್!

ತೀರ್ಪು ಹೊರಬಿತ್ತು. ಮಡಕೆಯ ದಾರಿ ತಟ್ಟೆಗಳಿಗೆ, ತೂತಿನ ದಾರಿ ಆಳಕ್ಕೆ. ಆದರೆ ಆಳ ಬೇಕಾದರೆ ಗಾಜು ದಪ್ಪಗಿರಬೇಕು. ನಾಲ್ಕು ಗಾಜುಗಳನ್ನು ಪೇರಿಸಿ ಬೆಸೆಯಬೇಕು. ಅಂಗಡಿಯಿಂದ ತರಬಹುದಿತ್ತಲ್ಲ ಎಂದಿರಾ? ಅಂಗಡಿಯ ತುಂಡುಗಳು ಯಾವ್ಯಾವ ಕಡೆಯವೋ; ಬೇರೆ ಬೇರೆ ಕಡೆಯ ಗಾಜು ಬೆಸೆದರೆ ತಣಿಯುವಾಗ ದಾಯಾದಿಗಳಂತೆ ಸಿಡಿದು ಬೇರೆಯಾಗುತ್ತವಂತೆ! ನಮ್ಮ ಹಿರಿಯರಿಗಾದರೋ ಗೃಹಪ್ರವೇಶದ ಹೊತ್ತಿಗೆ ಒಂದೇ ಅಂಗಡಿಯಲ್ಲಿ, ಒಟ್ಟಿಗೇ ಕಟ್ಟು ಹಾಕಿಸಿದ್ದು. ಗೋಡೆಯ ಮೇಲೆ ಉಳಿದಿದ್ದವರು ಮೂವರು ಹಿರಿಯರು. ನಾಲ್ಕನೆಯದು, ಅವರ ಜೊತೆಗೇ ಕಟ್ಟು ಹಾಕಿಸಿದ್ದ ದೊಡ್ಡಪ್ಪ ದೊಡ್ಡಮ್ಮನ ಮದುವೆಯ ಫೋಟೋ. ಅದಕ್ಕೆ ದೊಡ್ಡಪ್ಪ ಕೈ ಹಾಕಲಿಲ್ಲ. ಗೂಡು ಎರಡು ವಾರ ತಣ್ಣಗೆ ಕೂತಿತ್ತು.

ಒಂದು ಬೆಳಗ್ಗೆ ದೊಡ್ಡಮ್ಮನೇ ಆ ಗಾಜನ್ನು ಬಿಚ್ಚಿ ತಂದರು. "ತಗೊಳ್ರೀ. ಇಷ್ಟು ವರ್ಷ ನಿಮ್ಮ ಮುಖ ಅಂದ್ಕೊಂಡು ಈ ಗಾಜನ್ನ ಒರೆಸಿದ್ದೇ ಆಯ್ತು."

ಈ ಸಲ ನಾಲ್ಕೂ ಗಾಜು ಬೆಸೆದು ತೂತಿನೊಳಗೆ ಇಳಿದದ್ದೇ, ದೊಡ್ಡಪ್ಪ ಗೂಡಿನ ತಗಡಿನ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಹೆಂಡತಿಯ ಸೊಂಟಕ್ಕೆ ಒಪ್ಪಿಸಿದರು. ಎರಡು ದಿನ ಅವರು ಬೇಡಿದರೂ ದೊಡ್ಡಮ್ಮ ಕೊಡಲಿಲ್ಲ. ಮೂರನೆಯ ದಿನ ಹೊರಬಂದದ್ದು ಒಂದು ಗೇಣು ಆಳದ, ಹಸಿರು ಛಾಯೆಯ, ಕೊಂಚ ವಾಲಿದ ಪಾತ್ರೆ.

ಆ ಸಂಜೆ ದೀಪವನ್ನು ಅದರೊಳಗಿಟ್ಟರು. ಗಾಳಿ ಬಂತು, ಸುತ್ತ ಹುಡುಕಿತು, ಹೋಯಿತು. ದೀಪ ಆರಲಿಲ್ಲ. ಆದರೂ ದೊಡ್ಡಮ್ಮ ಎಂದಿನಂತೆ ಎರಡೂ ಕೈಗಳನ್ನು ಪಾತ್ರೆಯ ಸುತ್ತ ಹಿಡಿದೇ ನಿಂತಿದ್ದರು. ದೊಡ್ಡಪ್ಪನ ಮುಖ ಪೆಚ್ಚಾಯಿತು.

"ಇನ್ನೂ ಯಾಕೆ ಕಣೇ ಕೈ?"

"ಬೆಚ್ಚಗಿದೆ ಕಣ್ರೀ. ಬನ್ನಿ, ನೀವೂ ಹಿಡೀರಿ."